ಒಳಾಂಗಣ ಗಿಡಗಳ ಕೋಣೆಗೆ ಸಿಒ2 ಜೋಡಣೆ: ಸಿಲಿಂಡರ್‌ನಿಂದ ಸೆನ್ಸರ್‌ವರೆಗೆ ಸಮಗ್ರ ಮಾರ್ಗದರ್ಶಿ

ಸಿಲಿಂಡರ್ ಕೊಳ್ಳುವ ಮುಂಚೆ ಒಂದು ಸಿಒ2 (ಇಂಗಾಲದ ಡೈಆಕ್ಸೈಡ್) ಮೀಟರ್ ಕೊಳ್ಳಿ. ಅದನ್ನು ಗಿಡಗಳ ಎಲೆಯ ಎತ್ತರಕ್ಕೆ ತೂಗುಹಾಕಿ ಒಂದು ವಾರ ಸುಮ್ಮನೆ ನೋಡಿ. ಹೊರಗಿನ ಗಾಳಿಯಲ್ಲಿ ಸಿಒ2 ಈಗ 420 ಪಿಪಿಎಂಗಿಂತ ತುಸು ಹೆಚ್ಚಿದೆ (ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಎಂಬ ಲೆಕ್ಕ). ದೀಪ ಉರಿಯುತ್ತಿರುವಾಗ ನಿಮ್ಮ ಕೋಣೆಯಲ್ಲಿ ಅದು 300ಕ್ಕೋ 250ಕ್ಕೋ ಇಳಿಯುತ್ತಿದ್ದರೆ ಗಿಡಗಳು ಹಸಿದಿವೆ ಎಂದರ್ಥ. ಆ ಹಸಿವಿಗೆ ಸಿಲಿಂಡರ್ ಬೇಕಿಲ್ಲ, ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಸಾಕು. ಗಾಳಿ ಬದಲಾದರೆ ಪುಕ್ಕಟೆಯಾಗಿ 400 ಬರುತ್ತದೆ. ಎಸಿ ಹಾಕಿ, ಬಾಗಿಲು ಮುಚ್ಚಿ ಬೆಳೆಯುವವರಿಗೆ, 400ರಿಂದ 1000ಕ್ಕೆ ಏರಿಸಲೇಬೇಕೆನ್ನುವವರಿಗೆ ಮಾತ್ರ ಮುಂದಿನ ವಿಚಾರ.

ಇಲ್ಲಿನ ಲೆಕ್ಕಗಳಿಗೆಲ್ಲ ಒಂದೇ ಕೋಣೆಯನ್ನು ಹಿಡಿದಿದ್ದೇವೆ: ಬೆಂಗಳೂರಿನ ಮನೆಯೊಂದರ 10×8 ಅಡಿಯ ಕೋಣೆ, ಎತ್ತರ 9 ಅಡಿ. ಅಂದರೆ 720 ಘನ ಅಡಿ, ಸುಮಾರು 20 ಘನ ಮೀಟರ್. ಒಳಗೆ ಎರಡು ರ‍್ಯಾಕ್, ಒಟ್ಟು 6 ಚದರ ಮೀಟರ್ ಲೆಟ್ಯೂಸ್ ಮತ್ತು ಬೇಸಿಲ್, ಎಲ್‌ಇಡಿ ದೀಪ ದಿನಕ್ಕೆ 16 ಗಂಟೆ, ಒಂದು ಸ್ಪ್ಲಿಟ್ ಎಸಿ.

ಯಾವ ಗಿಡಕ್ಕೆ ಲಾಭ

ಲೆಟ್ಯೂಸ್, ಪಾಲಕ್, ಪುದೀನ, ಬೇಸಿಲ್, ಕೊತ್ತಂಬರಿ, ಟೊಮೆಟೊ, ದಪ್ಪ ಮೆಣಸಿನಕಾಯಿ, ಸ್ಟ್ರಾಬೆರಿ ಇವೆಲ್ಲ ಸಿ3 ಗುಂಪಿನವು. ಇವುಗಳಲ್ಲಿ ಸಿಒ2 ಹಿಡಿಯುವ ಕಿಣ್ವ ಆಗಾಗ ತಪ್ಪಿ ಆಮ್ಲಜನಕವನ್ನು ಹಿಡಿದುಬಿಡುತ್ತದೆ, ಗಳಿಸಿದ್ದರಲ್ಲಿ ಒಂದು ಪಾಲು ಹಾಗೇ ಪೋಲಾಗುತ್ತದೆ. ಸುತ್ತ ಸಿಒ2 ಹೆಚ್ಚಿದ್ದರೆ ಆ ತಪ್ಪು ಕಡಿಮೆಯಾಗುತ್ತದೆ, ಲಾಭ ಬರುವುದು ಅಲ್ಲಿಂದಲೇ. ಬೆಳಕು, ನೀರು, ಗೊಬ್ಬರ ಎಲ್ಲ ಸರಿಯಿದ್ದಾಗ 1000 ಪಿಪಿಎಂನಲ್ಲಿ ಸೊಪ್ಪಿನ ತೂಕ ಶೇ 20–30ರ ಆಸುಪಾಸು ಹೆಚ್ಚುವುದು ಸಾಮಾನ್ಯ.

ದಂಟಿನ ಸೊಪ್ಪು ಮಾತ್ರ ಈ ಪಟ್ಟಿಯಲ್ಲಿಲ್ಲ. ದಂಟು, ರಾಜಗಿರಿ, ಜೋಳ, ರಾಗಿ, ಕಬ್ಬು ಸಿ4 ಗುಂಪಿನವು. ಎಲೆಯೊಳಗೇ ಸಿಒ2ವನ್ನು ದಟ್ಟಗೊಳಿಸಿಕೊಳ್ಳುವ ವ್ಯವಸ್ಥೆ ಅವಕ್ಕಿದೆ, ಹೊರಗಿನಿಂದ ಕೊಟ್ಟರೆ ಹೆಚ್ಚೇನೂ ಸಿಗದು. ಮೈಕ್ರೋಗ್ರೀನ್ಸ್ ಬೆಳೆಯುವವರೂ ಯೋಚಿಸಿ ಖರ್ಚು ಮಾಡಲಿ: ಹತ್ತು ದಿನದ ಬೆಳೆ, ಅದರಲ್ಲಿ ಬಹುಪಾಲು ಬೀಜದೊಳಗಿನ ಬುತ್ತಿಯಿಂದಲೇ ನಡೆಯುತ್ತದೆ. ಕೋಣೆಯೊಳಗೆ ಕೇಸರಿ ಬೆಳೆಯುವ ಹುರುಪು ಈಗ ಎಲ್ಲ ಕಡೆ ಇದೆ. ಆದರೆ ಕೇಸರಿ ಗಡ್ಡೆ ಹೂ ಬಿಡುವ ಹಂತದಲ್ಲಿ ತನ್ನ ದಾಸ್ತಾನಿನಿಂದಲೇ ಹೂ ಬಿಡುತ್ತದೆ, ಆಗ ಸಿಒ2 ಕೊಟ್ಟು ಪ್ರಯೋಜನವಿಲ್ಲ. ಹೂ ಮುಗಿದು ಎಲೆ ಬಂದು, ಹೊಸ ಗಡ್ಡೆ ಕಟ್ಟುವ ತಿಂಗಳುಗಳಲ್ಲಿ ಮಾತ್ರ ಅದಕ್ಕೆ ಅರ್ಥ.

ಇನ್ನೊಂದು ತಡೆ ಬೆಳಕು. ಎಲೆಯ ಮಟ್ಟದಲ್ಲಿ ಬೆಳಕು 150 ಮೈಕ್ರೋಮೋಲ್‌ಗಿಂತ (ಚದರ ಮೀಟರಿಗೆ ಸೆಕೆಂಡಿಗೆ ಬೀಳುವ ಬೆಳಕಿನ ಅಳತೆ) ಕಡಿಮೆ ಇದ್ದರೆ ದುಡ್ಡನ್ನು ಮೊದಲು ದೀಪಕ್ಕೆ ಹಾಕಿ. ಸೊಪ್ಪಿಗೆ 200–300, ಹಣ್ಣಿನ ಗಿಡಗಳಿಗೆ 400ರ ಮೇಲೆ ಇದ್ದಾಗ ಸಿಒ2ಗೆ ಬೆಲೆ ಬರುತ್ತದೆ. 1200 ಪಿಪಿಎಂ ದಾಟಿದ ಮೇಲೆ ಲಾಭ ಚಪ್ಪಟೆಯಾಗುತ್ತದೆ. 1500ರ ಮೇಲೆ ಕೊಡುವುದು ಗ್ಯಾಸ್ ದಂಡ. 2000ದ ಸುತ್ತ ಕೆಲವು ಗಿಡಗಳ ಎಲೆಯೇ ಹಳದಿಯಾಗುತ್ತದೆ. ಸೊಪ್ಪಿನ ಕೋಣೆಗೆ 1000 ಇಟ್ಟುಕೊಳ್ಳಿ, ಸಾಕು.

ಕೋಣೆ ಎಷ್ಟು ಸೋರುತ್ತದೆ

ಈ ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. ಆದರೆ ಹೆಚ್ಚಿನವರು ರೆಗ್ಯುಲೇಟರ್ ಯಾವ ಕಂಪನಿಯದು ಎಂದು ಹದಿನೈದು ದಿನ ಹುಡುಕಿ, ಬಾಗಿಲಿನ ಕೆಳಗಿನ ಸಂದನ್ನು ಹಾಗೇ ಬಿಟ್ಟಿರುತ್ತಾರೆ.

ಊದುಬತ್ತಿ ಹಚ್ಚಿ. ಎಸಿಯನ್ನೂ ಫ್ಯಾನನ್ನೂ ನಿಲ್ಲಿಸಿ, ಬಾಗಿಲಿನ ನಾಲ್ಕೂ ಅಂಚು, ಕಿಟಕಿಯ ಸ್ಲೈಡಿಂಗ್ ಹಳಿ, ಎಸಿ ಪೈಪ್ ಗೋಡೆ ದಾಟುವ ತೂತು, ಸ್ವಿಚ್ ಬೋರ್ಡ್, ಫಾಲ್ಸ್ ಸೀಲಿಂಗ್‌ನ ಮೂಲೆ ಇವುಗಳ ಹತ್ತಿರ ಹಿಡಿದುಕೊಂಡು ನಿಧಾನವಾಗಿ ಸಾಗಿ. ಹೊಗೆ ನೆಟ್ಟಗೆ ಏಳದೆ ಓರೆಯಾದ ಕಡೆ ಸೋರಿಕೆ ಇದೆ. ಬಾಗಿಲಿಗೆ ರಬ್ಬರ್ ಬೀಡಿಂಗ್, ಕೆಳಗೆ ಬ್ರಷ್ ಪಟ್ಟಿ, ಕಿಟಕಿಗೆ ಸಿಲಿಕಾನ್ ಸೀಲಂಟ್, ಪೈಪಿನ ತೂತಿಗೆ ಫೋಮ್ ಹಾಕಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಚಿಂತೆಯಿಲ್ಲ. ವಿಂಡೋ ಎಸಿಯಲ್ಲಿ ಹೊರಗಾಳಿ ಎಳೆಯುವ ಒಂದು ಸಣ್ಣ ಬಾಗಿಲು ಇರುತ್ತದೆ, ಅದನ್ನು ಮುಚ್ಚಿ. ಹೊರಗಾಳಿ ಎಳೆದು ತಂಪು ಮಾಡುವ ಏರ್ ಕೂಲರ್ ಇರುವ ಕೋಣೆಗೆ ಸಿಒ2 ಕೊಡುವುದು ಜರಡಿಗೆ ನೀರು ಹೊಯ್ದ ಹಾಗೆ.

ಮುಚ್ಚಿದ್ದಾಯಿತೆಂದು ನಂಬಬೇಡಿ, ಅಳೆಯಿರಿ. ಗಿಡಗಳನ್ನು ಇಡುವ ಮುಂಚೆ ಕೋಣೆಯನ್ನು 1500 ಪಿಪಿಎಂಗೆ ಏರಿಸಬೇಕು. ಸಿಲಿಂಡರ್ ಇನ್ನೂ ಇಲ್ಲದಿದ್ದರೆ ಇಬ್ಬರು ಮುಕ್ಕಾಲು ಗಂಟೆ ಒಳಗೆ ಕುಳಿತು ಮಾತಾಡಿದರೂ ನಡೆಯುತ್ತದೆ. ಒಬ್ಬ ಮನುಷ್ಯ ಗಂಟೆಗೆ 18 ಲೀಟರ್ ಆಸುಪಾಸು ಸಿಒ2 ಬಿಡುತ್ತಾನೆ. 20 ಘನ ಮೀಟರ್‌ನ ಬಿಗಿ ಕೋಣೆಯಲ್ಲಿ ಅದು ಗಂಟೆಗೆ 900 ಪಿಪಿಎಂ ಆಯಿತು. ಆಮೇಲೆ ಹೊರಗೆ ಬಂದು ಬಾಗಿಲು ಹಾಕಿ, ಒಳಗೆ ಟೇಬಲ್ ಫ್ಯಾನ್ ತಿರುಗಲು ಬಿಟ್ಟು, ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದಿಟ್ಟುಕೊಳ್ಳಿ. ಹೊರಗಿನ 420ರ ಮೇಲಿರುವ ಹೆಚ್ಚುವರಿ 1080. ಅದು ಅರ್ಧಕ್ಕೆ, ಅಂದರೆ ಮೀಟರ್ 960ಕ್ಕೆ, ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದೇ ನಿಮ್ಮ ಕೋಣೆಯ ಜಾತಕ. ಅರ್ಧ ಗಂಟೆಯಲ್ಲಿ ಇಳಿದರೆ ಇನ್ನೂ ಸೀಲ್ ಮಾಡಿ. ಒಂದು ಗಂಟೆ ಹಿಡಿದರೆ ನಡೆಯುತ್ತದೆ. ಎರಡು ಗಂಟೆ ಹಿಡಿದರೆ ಚೆನ್ನಾಗಿದೆ.

ಗ್ರಾಂ ಲೆಕ್ಕ

ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ 25 ಡಿಗ್ರಿಗೆ ಒಂದು ಲೀಟರ್ ಸಿಒ2 1.8 ಗ್ರಾಂ ತೂಗುತ್ತದೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಶೇ 10ರಷ್ಟು ಕಡಿಮೆ, ಹಾಗಾಗಿ ಇಲ್ಲಿ ಲೀಟರಿಗೆ 1.6 ಗ್ರಾಂ ಹಿಡಿಯಬೇಕು.

ಕೋಣೆಯನ್ನು 420ರಿಂದ 1000ಕ್ಕೆ ಏರಿಸಲು ಬೇಕಾದದ್ದು 580 ಪಿಪಿಎಂ. 20,000 ಲೀಟರ್ ಗಾಳಿಗೆ ಅದು 11.6 ಲೀಟರ್, ಸುಮಾರು 19 ಗ್ರಾಂ. ಇಷ್ಟೇನಾ ಎನ್ನಿಸುತ್ತದೆ. ಏರಿಸಲು ಬೇಕಾದದ್ದು ಇಷ್ಟೇ, ಖರ್ಚಾಗುವುದು ಉಳಿಸಿಕೊಳ್ಳಲು. ಚೆನ್ನಾಗಿ ಬೆಳೆಯುತ್ತಿರುವ ಸೊಪ್ಪು ಚದರ ಮೀಟರಿಗೆ ಗಂಟೆಗೆ 1.5 ಗ್ರಾಂನಷ್ಟು ಎಳೆಯುತ್ತದೆ ಎಂದು ಹಿಡಿದರೆ 6 ಚದರ ಮೀಟರಿಗೆ 9 ಗ್ರಾಂ. ಹೆಚ್ಚುವರಿ ಅರ್ಧಕ್ಕಿಳಿಯಲು ಎರಡು ಗಂಟೆ ಹಿಡಿಯುವ ಕೋಣೆಯಲ್ಲಿ ಸೋರುವುದು ಗಂಟೆಗೆ 6.4 ಗ್ರಾಂ. ಒಟ್ಟು 15 ಗ್ರಾಂ ಚಿಲ್ಲರೆ. ದಿನಕ್ಕೆ ಸುಮಾರು 14 ಗಂಟೆ ಕೊಟ್ಟರೆ 216 ಗ್ರಾಂ, 9 ಕೆ.ಜಿ. ಸಿಲಿಂಡರ್ ಸುಮಾರು 41 ದಿನ ಬರುತ್ತದೆ. ಅದೇ ಅರ್ಧ ಗಂಟೆಯ ಕೋಣೆಯಾದರೆ ಸೋರಿಕೆಯೇ ಗಂಟೆಗೆ 25 ಗ್ರಾಂ ದಾಟುತ್ತದೆ, ಸಿಲಿಂಡರ್ 18 ದಿನಕ್ಕೆ ಖಾಲಿ. ಗಿಡ ತಿಂದದ್ದು ಎರಡೂ ಕಡೆ ಒಂದೇ.

ಸಿಲಿಂಡರ್ ಏಕೆ, ಬೇರೆ ದಾರಿ ಏಕಲ್ಲ

ಸಕ್ಕರೆ ಮತ್ತು ಈಸ್ಟ್ ಬಾಟಲಿಯ ಉಪಾಯ ಅಗ್ಗ ಎನ್ನುತ್ತಾರೆ. ಒಂದು ಕೆ.ಜಿ. ಸಕ್ಕರೆ ಪೂರ್ತಿ ಹುಳಿದರೂ ಸಿಗುವುದು ಅರ್ಧ ಕೆ.ಜಿ. ಸಿಒ2. ಮೇಲಿನ ಲೆಕ್ಕದಂತೆ ಎರಡು ದಿನಕ್ಕೊಂದು ಕೆ.ಜಿ. ಸಕ್ಕರೆ ಬೇಕು. ದೀಪ ಆರಿದರೂ ಈಸ್ಟ್ ನಿಲ್ಲುವುದಿಲ್ಲ, ಕೋಣೆಯೆಲ್ಲ ಹೆಂಡದ ವಾಸನೆ ಬೇರೆ. ಗೋಡೆಗೆ ತೂಗುಹಾಕುವ ಅಣಬೆ ಚೀಲಗಳದೂ ಅದೇ ಕಥೆ: ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ.

ಗ್ಯಾಸ್ ಬರ್ನರ್ ದೊಡ್ಡ ಹಸಿರುಮನೆಗಳಿಗೆ ಸರಿ. ನೆದರ್ಲೆಂಡ್ಸ್‌ನ ಹಸಿರುಮನೆಗಳಲ್ಲಿ ಬಾಯ್ಲರ್‌ನ ಹೊಗೆಯನ್ನೇ ಗಿಡಗಳಿಗೆ ತಿರುಗಿಸುತ್ತಾರೆ, ಅಲ್ಲಿ ಚಳಿ ಇರುವುದರಿಂದ ಶಾಖವೂ ಬೇಕು. ನಮ್ಮಲ್ಲಿ ಒಂದು ಕೆ.ಜಿ. ಎಲ್‌ಪಿಜಿ ಉರಿದರೆ 3 ಕೆ.ಜಿ. ಸಿಒ2 ಜತೆಗೆ ಒಂದೂವರೆ ಕೆ.ಜಿ.ಗೂ ಹೆಚ್ಚು ನೀರಿನ ಆವಿ ಮತ್ತು 12–13 ಯೂನಿಟ್ ಕರೆಂಟಿಗೆ ಸಮನಾದ ಶಾಖ ಬರುತ್ತದೆ. ಅದನ್ನು ಹೊರಹಾಕಲು ಎಸಿ ಓಡಬೇಕು. ಉರಿ ಸರಿಯಾಗದಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನುಷ್ಯನಿಗೆ, ಎಥಿಲೀನ್ ಗಿಡಕ್ಕೆ ವಿಷ. ಮನೆಯ ಮುಚ್ಚಿದ ಕೋಣೆಯಲ್ಲಿ ಬರ್ನರ್ ಬೇಡವೇ ಬೇಡ.

ಸಾಮಾನು

ಸಿಲಿಂಡರ್: 9 ಕೆ.ಜಿ. ಒಬ್ಬರೇ ಎತ್ತಿ ಇಳಿಸಬಹುದಾದ ಅಳತೆ. ವೆಲ್ಡಿಂಗ್ ಗ್ಯಾಸ್ ಮಾರುವವರಲ್ಲಿ, ಸೋಡಾ ಫ್ಯಾಕ್ಟರಿಗಳಿಗೆ ಗ್ಯಾಸ್ ತುಂಬಿಕೊಡುವವರಲ್ಲಿ ಸಿಗುತ್ತದೆ. ಫುಡ್ ಗ್ರೇಡ್ ಕೇಳಿ. ವೆಲ್ಡಿಂಗ್ ಅಂಗಡಿಯಲ್ಲಿ ಆರ್ಗಾನ್ ಬೆರೆಸಿದ ಮಿಶ್ರಣವೂ ಇರುತ್ತದೆ, ಅದನ್ನು ತರಬೇಡಿ. ಸಿಲಿಂಡರ್‌ನ ಭುಜದ ಮೇಲೆ ಖಾಲಿ ತೂಕ ಮತ್ತು ಪರೀಕ್ಷೆಯ ದಿನಾಂಕ ಕೊರೆದಿರುತ್ತದೆ. ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಿರಬೇಕು. ದಿನಾಂಕ ಮೀರಿದ ಅಥವಾ ಅಕ್ಷರ ಉಜ್ಜಿಹೋದ ಸಿಲಿಂಡರನ್ನು ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ.

ಹಳೆಯ ಅಗ್ನಿಶಾಮಕ ಸಿಲಿಂಡರ್ ಕಡಿಮೆಗೆ ಸಿಗುತ್ತದೆಂದು ತರುವವರಿದ್ದಾರೆ. ಅದರೊಳಗೆ ತಳದವರೆಗೆ ಇಳಿದ ಒಂದು ಕೊಳವೆ ಇರುತ್ತದೆ, ಬೆಂಕಿಗೆ ದ್ರವವನ್ನೇ ಚಿಮ್ಮಿಸಲು. ಅದನ್ನು ರೆಗ್ಯುಲೇಟರ್‌ಗೆ ಹಾಕಿದರೆ ಗ್ಯಾಸ್ ಬದಲು ದ್ರವ ಸಿಒ2 ನುಗ್ಗಿ ರೆಗ್ಯುಲೇಟರ್ ಹೆಪ್ಪುಗಟ್ಟಿ ಕೆಡುತ್ತದೆ. ಮಾಮೂಲಿ ಸಿಲಿಂಡರನ್ನು ಮಲಗಿಸಿದರೂ ಇದೇ ಗತಿ.

ರೆಗ್ಯುಲೇಟರ್: ಸಿಒ2ಗೆಂದೇ ಮಾಡಿದ್ದು, ಫ್ಲೋ ಮೀಟರ್ ಸಮೇತ. ಎರಡು ಹಂತದ್ದು ಸಿಕ್ಕರೆ ಉತ್ತಮ. ಒಂದೇ ಹಂತದ ರೆಗ್ಯುಲೇಟರ್‌ಗಳಲ್ಲಿ, ಸಿಲಿಂಡರ್‌ನ ದ್ರವ ಮುಗಿದು ಒಳಗಿನ ಒತ್ತಡ ಬೀಳುತ್ತಿದ್ದಂತೆ ಹೊರಗಿನ ಒತ್ತಡ ತಾನಾಗಿ ಏರುತ್ತದೆ, ಕೊನೆಯ ಗ್ಯಾಸ್ ಒಮ್ಮೆಗೇ ಹೆಚ್ಚು ಹರಿಯುತ್ತದೆ. ಎಂಐಜಿ ವೆಲ್ಡಿಂಗ್‌ಗೆ ಬರುವ ಹೀಟರ್ ಇರುವ ರೆಗ್ಯುಲೇಟರ್ ಇಲ್ಲಿ ಬೇಕಿಲ್ಲ. ನಮ್ಮ ಹರಿವು ಚಿಕ್ಕದು, ಬಿಟ್ಟುಬಿಟ್ಟು ಹರಿಯುವಂಥದು.

ಸೊಲೆನಾಯ್ಡ್ ವಾಲ್ವ್: ಕರೆಂಟ್ ಕೊಟ್ಟಾಗ ತೆರೆದು, ಇಲ್ಲದಾಗ ಮುಚ್ಚಿಕೊಳ್ಳುವ ಜಾತಿಯದೇ ಆಗಬೇಕು. 24 ವೋಲ್ಟ್ ಡಿಸಿ, 8 ಬಾರ್ ತಾಳುವಂಥದ್ದು ಸಾಕು.

ಟ್ಯೂಬ್: 6 ಮಿ.ಮೀ. ಪಾಲಿಯುರೆಥೇನ್ ನ್ಯೂಮ್ಯಾಟಿಕ್ ಟ್ಯೂಬ್, ಅದಕ್ಕೆ ಒತ್ತಿ ಕೂರಿಸುವ ಫಿಟ್ಟಿಂಗ್. ಅಕ್ವೇರಿಯಂನ ಮೆತ್ತನೆಯ ಸಿಲಿಕಾನ್ ಟ್ಯೂಬ್ ಬೇಡ, ಸಿಒ2 ಅದರ ಗೋಡೆಯಿಂದಲೇ ಹೊರಬೀಳುತ್ತದೆ.

ಇವಲ್ಲದೆ ಸೆನ್ಸರ್, ಅದರ ಅಂಕಿ ನೋಡಿ ವಾಲ್ವ್ ತೆರೆದು ಮುಚ್ಚುವ ಕಂಟ್ರೋಲರ್, ಬೇರೆಯಾಗಿ ಒಂದು ಸಿಒ2 ಅಲಾರಂ, ಎರಡು ಸಣ್ಣ ಫ್ಯಾನ್, ಸಿಲಿಂಡರ್ ಕಟ್ಟಲು ಸರಪಣಿ, ತೂಕದ ಯಂತ್ರ.

ಜೋಡಣೆ

1. ಸಿಲಿಂಡರ್ ಕೋಣೆಯ ಹೊರಗೆ ಇರಲಿ. ಗಾಳಿಯಾಡುವ ಯುಟಿಲಿಟಿ ಅಥವಾ ಬಾಲ್ಕನಿ ಸರಿ, ಆದರೆ ನೆರಳಿರಬೇಕು. ಮೆಟ್ಟಿಲ ಕೆಳಗಿನ ಗೂಡು, ಮಲಗುವ ಕೋಣೆ ಬೇಡ. ನೆಟ್ಟಗೆ ನಿಲ್ಲಿಸಿ, ಮೂರರಲ್ಲಿ ಎರಡು ಪಾಲು ಎತ್ತರಕ್ಕೆ ಗೋಡೆಗೆ ಸರಪಣಿ ಬಿಗಿಯಿರಿ. ತರುವಾಗ ವಾಲ್ವ್‌ಗೆ ಟೋಪಿ ಹಾಕಿಸಿ. ಗಾಜು ಏರಿಸಿದ ಕಾರಿನಲ್ಲಿ ತರುವುದಕ್ಕಿಂತ ಆಟೋ ಮೇಲು.

2. ಹೊರಗಡೆಯೇ ನಿಂತು ವಾಲ್ವನ್ನು ಕ್ಷಣಮಾತ್ರ ತೆರೆದು ಮುಚ್ಚಿ, ಬಾಯಿಯ ಧೂಳು ಹಾರಿಹೋಗಲಿ. ರೆಗ್ಯುಲೇಟರ್ ಕೂರುವ ಜಾಗದಲ್ಲಿ ನೈಲಾನ್ ವಾಷರ್ ಇದೆಯೇ ನೋಡಿ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗ ಹೊಸ ವಾಷರ್ ಹಾಕಿ, ಇಪ್ಪತ್ತು ರೂಪಾಯಿಯ ಆಸೆಗೆ ಇಡೀ ಸಿಲಿಂಡರ್ ಕಳೆದುಕೊಳ್ಳಬೇಡಿ. ಇಲ್ಲಿ ಗ್ಯಾಸ್ ತಡೆಯುವುದು ವಾಷರ್, ತಿರುಪಿನ ಸುತ್ತುಗಳಲ್ಲ. ಹಾಗಾಗಿ ಈ ಜಾಗಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಎಣ್ಣೆ, ಗ್ರೀಸ್ ಕೂಡ ಬೇಡ.

3. ರೆಗ್ಯುಲೇಟರ್‌ನ ಹಿಡಿಯನ್ನು ಎಡಕ್ಕೆ ತಿರುಗಿಸಿ ಪೂರ್ತಿ ಸಡಿಲಿಸಿ. ಗೇಜಿನ ಮುಖದ ಎದುರು ನಿಲ್ಲದೆ ಪಕ್ಕಕ್ಕೆ ನಿಂತು ಸಿಲಿಂಡರ್ ವಾಲ್ವನ್ನು ಮೆಲ್ಲಗೆ ತೆರೆಯಿರಿ. ಗೇಜ್ 20 ಡಿಗ್ರಿಯಲ್ಲಿ 57 ಬಾರ್, 25 ಡಿಗ್ರಿಯಲ್ಲಿ 64 ಬಾರ್ ಆಸುಪಾಸು ತೋರಿಸಬೇಕು. ಈಗ ಹಿಡಿಯನ್ನು ಬಲಕ್ಕೆ ತಿರುಗಿಸಿ ಹೊರಗಿನ ಒತ್ತಡ 1.5–2 ಬಾರ್‌ಗೆ ತನ್ನಿ.

4. ರೆಗ್ಯುಲೇಟರ್‌ನ ನಂತರ ಸೊಲೆನಾಯ್ಡ್. ಅದರ ಮೈಮೇಲೆ ಬಾಣದ ಗುರುತಿರುತ್ತದೆ, ಗ್ಯಾಸ್ ಹರಿಯುವ ದಿಕ್ಕಿಗೇ ಇರಲಿ. ತಿರುವುಮುರುವಾದರೆ ವಾಲ್ವ್ ಪೂರ್ತಿ ಮುಚ್ಚದು.

5. ಗೋಡೆಗೆ 8 ಮಿ.ಮೀ. ತೂತು ಕೊರೆದು ಟ್ಯೂಬ್ ಒಳಗೆ ತಂದು, ಸುತ್ತ ಸೀಲಂಟ್ ತುಂಬಿ. ಟ್ಯೂಬಿನ ತುದಿಯನ್ನು ರ‍್ಯಾಕ್‌ನ ಮೇಲೆ, ತಿರುಗುವ ಫ್ಯಾನಿನ ಮುಂದಕ್ಕೆ ಕಟ್ಟಿ. ಸಿಒ2 ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಕ್ಕೆ ಇಳಿದುಹೋಗುತ್ತದೆ ಎಂಬ ಭಯ ಹಲವರಿಗಿದೆ. ಒಮ್ಮೆ ಗಾಳಿಯಲ್ಲಿ ಬೆರೆತ ಮೇಲೆ ಅದು ಮತ್ತೆ ಬೇರ್ಪಟ್ಟು ಕೆಳಗಿಳಿಯುವುದಿಲ್ಲ. ಬೆರೆಸುವುದಷ್ಟೇ ನಿಮ್ಮ ಕೆಲಸ. ಹಲವು ಅಂತಸ್ತಿನ ಉದ್ದ ರ‍್ಯಾಕ್ ಇದ್ದರೆ ಅಡಿಗೊಂದರಂತೆ 1 ಮಿ.ಮೀ. ತೂತು ಮಾಡಿದ ಟ್ಯೂಬನ್ನು ಮೇಲಿನ ಅಂತಸ್ತಿನುದ್ದಕ್ಕೂ ಎಳೆಯಬಹುದು.

6. ಫ್ಲೋ ಮೀಟರನ್ನು ನಿಮಿಷಕ್ಕೆ 2 ಲೀಟರ್‌ಗೆ ಹೊಂದಿಸಿ. ಹೆಚ್ಚು ಬೇಡ.

7. ಸೋಪಿನ ನೀರು ಕಲಸಿ ಬ್ರಷ್‌ನಿಂದ ಪ್ರತಿ ಜೋಡಣೆಗೆ ಹಚ್ಚಿ. ದೊಡ್ಡ ಗುಳ್ಳೆ ಯಾರಿಗಾದರೂ ಕಾಣುತ್ತದೆ. ಸಾಸಿವೆಯಷ್ಟು ಸಣ್ಣ ಬಿಳಿ ನೊರೆ ನಿಧಾನವಾಗಿ ಕಟ್ಟುತ್ತಾ ಹೋಗುವುದನ್ನು ಎರಡು ನಿಮಿಷ ಕಾದು ನೋಡಬೇಕು. ಸಿಲಿಂಡರ್ ರಾತ್ರೋರಾತ್ರಿ ಖಾಲಿಯಾಗುವುದು ಅಂಥ ನೊರೆಯಿಂದ. ಆಮೇಲೆ ಸೊಲೆನಾಯ್ಡ್ ಮುಚ್ಚಿ, ಸಿಲಿಂಡರ್ ವಾಲ್ವನ್ನೂ ಮುಚ್ಚಿ, ಗೇಜಿನ ಅಂಕಿ ಬರೆದಿಟ್ಟು ಬೆಳಗ್ಗೆ ನೋಡಿ. ಮುಳ್ಳು ಗಮನಾರ್ಹವಾಗಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಗೇಜಿನ ಮುಳ್ಳು ನೋಡಿ ಎಷ್ಟು ಗ್ಯಾಸ್ ಉಳಿದಿದೆ ಎಂದು ಹೇಳಲಾಗದು. ಸಿಲಿಂಡರ್‌ನಲ್ಲಿ ಒಂದು ಲೋಟ ದ್ರವ ಉಳಿದಿದ್ದರೂ ಒತ್ತಡ ತುಂಬಿದ ಸಿಲಿಂಡರಿನಷ್ಟೇ ಇರುತ್ತದೆ, ಅದನ್ನು ನಿರ್ಧರಿಸುವುದು ಉಷ್ಣಾಂಶ. ಮುಳ್ಳು ಬೀಳಲು ಶುರುವಾಯಿತೆಂದರೆ ದ್ರವ ಮುಗಿದಿದೆ, ಉಳಿದಿರುವುದು ಗ್ಯಾಸ್ ರೂಪದಲ್ಲಿರುವ ಪಾಲು ಮಾತ್ರ. ಹಾಗಾಗಿ ವಾರಕ್ಕೊಮ್ಮೆ ತೂಗಿ, ಭುಜದ ಮೇಲಿನ ಖಾಲಿ ತೂಕ ಕಳೆಯಿರಿ. ರೆಗ್ಯುಲೇಟರ್‌ನ ತೂಕವನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಏಪ್ರಿಲ್ ಬಂದರೆ ಇನ್ನೊಂದು ಸಂಗತಿ. 31 ಡಿಗ್ರಿ ದಾಟಿದ ಮೇಲೆ ಸಿಒ2 ಎಷ್ಟೇ ಒತ್ತಿದರೂ ದ್ರವವಾಗಿ ಉಳಿಯುವುದಿಲ್ಲ, ತುಂಬಿದ ಸಿಲಿಂಡರ್‌ನ ಒತ್ತಡ ಅಲ್ಲಿಂದ ಬಿರುಸಾಗಿ ಏರುತ್ತದೆ. ಬಿಸಿಲಿಗೆ ಬಿದ್ದ ಸಿಲಿಂಡರ್‌ನ ಸುರಕ್ಷತಾ ಬಿಲ್ಲೆ ಒಡೆದು ಅಷ್ಟೂ ಗ್ಯಾಸ್ ಹೊರಬೀಳಬಹುದು. ಕಲಬುರಗಿ, ರಾಯಚೂರು ಕಡೆಯವರು ಇದನ್ನು ಎರಡು ಸಲ ಓದಲಿ. "ಸ್ವಲ್ಪ ಜಾಸ್ತಿ ತುಂಬಿ ಕೊಡಿ ಅಣ್ಣ" ಎಂದು ಅಂಗಡಿಯವನನ್ನು ಕೇಳಬಾರದ ಕಾರಣವೂ ಇದೇ.

ಸೆನ್ಸರ್ ಸುಳ್ಳು ಹೇಳುವ ಬಗೆ

ಎನ್‌ಡಿಐಆರ್ ಮಾದರಿಯ ಸೆನ್ಸರ್ ಮಾತ್ರ ಕೊಳ್ಳಿ. ಅದು ಅತಿಗೆಂಪು ಬೆಳಕನ್ನು ಸಿಒ2 ಎಷ್ಟು ಹೀರಿತು ಎಂದು ನೇರವಾಗಿ ಅಳೆಯುತ್ತದೆ. ಎಂಕ್ಯೂ-135 ಮತ್ತು "ಇ-ಸಿಒ2" ಎಂದು ಬರೆದಿರುವ ಅಗ್ಗದ ಚಿಪ್‌ಗಳು ಬೇರೆ ಆವಿಗಳನ್ನು ಅಳೆದು ಸಿಒ2 ಎಷ್ಟಿರಬಹುದೆಂದು ಊಹಿಸುತ್ತವೆ. ಪಕ್ಕದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಅವುಗಳ ಅಂಕಿ ಏರುತ್ತದೆ.

ಎನ್‌ಡಿಐಆರ್‌ಗೂ ಎರಡು ರೋಗಗಳಿವೆ. ಒಂದು ಎತ್ತರ. ಒತ್ತಡ ಕಡಿಮೆಯಾದಷ್ಟೂ ಸೆನ್ಸರ್‌ನ ಕೊಠಡಿಯಲ್ಲಿ ಅಣುಗಳು ಕಡಿಮೆ. ಬೆಂಗಳೂರು, ಮೈಸೂರು, ಮಡಿಕೇರಿಗಳಲ್ಲಿ ಸರಿಪಡಿಸದ ಸೆನ್ಸರ್ ಅಂಕಿಯನ್ನು ಶೇ 10ರ ಆಸುಪಾಸು ಕಡಿಮೆ ತೋರಿಸುತ್ತದೆ. ಎಸ್‌ಸಿಡಿ30, ಎಸ್‌ಸಿಡಿ41ರಂಥವುಗಳಲ್ಲಿ ಎತ್ತರವನ್ನು ಮೀಟರ್‌ಗಳಲ್ಲಿ ಕೊಡುವ ವ್ಯವಸ್ಥೆ ಇದೆ. ಬೆಂಗಳೂರಿಗೆ 900 ಕೊಡಿ.

ಎರಡನೆಯದು ತಾನಾಗಿ ಸರಿಹೊಂದಿಸಿಕೊಳ್ಳುವ ಚಾಳಿ. ಈ ಸೆನ್ಸರ್‌ಗಳು ಕಚೇರಿಗಳಿಗೆಂದು ತಯಾರಾದವು. ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ತಾವು ಕಂಡ ಅತಿ ಕಡಿಮೆ ಅಂಕಿಯನ್ನು ಹೊರಗಾಳಿಯ 400 ಎಂದು ಭಾವಿಸಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ರಾತ್ರಿ ಖಾಲಿಯಾಗುವ ಕಚೇರಿಗೆ ಇದು ಸರಿ. ನಿಮ್ಮ ಕೋಣೆಯಲ್ಲಿ ರಾತ್ರಿಯೂ ಗಿಡಗಳು ಉಸಿರಾಡಿ ಸಿಒ2 700ರ ಕೆಳಗೆ ಇಳಿಯುವುದೇ ಇಲ್ಲ ಎಂದುಕೊಳ್ಳಿ. ಸೆನ್ಸರ್ 700ನ್ನೇ 400 ಎಂದು ತಿಳಿಯುತ್ತದೆ. ಪರದೆಯಲ್ಲಿ 1000 ಕಾಣುವಾಗ ಕೋಣೆಯಲ್ಲಿ ನಿಜವಾಗಿ 1300 ಇರುತ್ತದೆ. ಮುಂದಿನ ವಾರ ಇನ್ನಷ್ಟು ಜಾರುತ್ತದೆ. ಗ್ಯಾಸ್ ಬೇಗ ಮುಗಿಯುತ್ತಿದೆ, ಸೋರಿಕೆ ಎಲ್ಲೂ ಇಲ್ಲ, ಮೀಟರ್ ಸರಿಯಾಗಿ 1000 ತೋರಿಸುತ್ತಿದೆ ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಈ ಸೌಲಭ್ಯವನ್ನು ಆಫ್ ಮಾಡಿ. ಆಫ್ ಮಾಡಲಾಗದ ಸೆನ್ಸರ್ ಕೊಳ್ಳಬೇಡಿ. ಬದಲಿಗೆ ಎರಡು ತಿಂಗಳಿಗೊಮ್ಮೆ ಸೆನ್ಸರನ್ನು ತಾರಸಿಗೆ ಒಯ್ದು, ಮುಖದ ಹತ್ತಿರ ಹಿಡಿಯದೆ, ಇಪ್ಪತ್ತು ನಿಮಿಷ ಇಟ್ಟು, 420ಕ್ಕೆ ಕೈಯಾರೆ ಹೊಂದಿಸಿ.

ಕೋಣೆಯಲ್ಲಿ ಅದರ ಜಾಗ: ಎಲೆಯ ಎತ್ತರದಲ್ಲಿ, ದೀಪದ ನೇರ ಬಿಸಿ ಮತ್ತು ನೀರಿನ ಸಿಂಪಡಣೆ ತಾಗದಂತೆ, ಗ್ಯಾಸ್ ಬರುವ ತುದಿಯಿಂದ ದೂರ. ಬಾಗಿಲ ಪಕ್ಕ ಬೇಡ.

ಕಂಟ್ರೋಲರ್ ಮತ್ತು ವೈರಿಂಗ್

950ಕ್ಕೆ ಆನ್, 1050ಕ್ಕೆ ಆಫ್ ಎಂದು ಇಡಿ. ಆದರೆ ಇಷ್ಟೇ ಇಟ್ಟರೆ ಅಂಕಿ 1300ಕ್ಕೆ ನೆಗೆಯುವುದನ್ನು ನೋಡುತ್ತೀರಿ. ಗ್ಯಾಸ್ ಕೋಣೆಯಲ್ಲಿ ಬೆರೆತು ಸೆನ್ಸರ್‌ನೊಳಗೆ ಹೋಗಲು ಒಂದೆರಡು ನಿಮಿಷ ಬೇಕು, ಅಷ್ಟರಲ್ಲಿ ವಾಲ್ವ್ ತೆರೆದೇ ಇರುತ್ತದೆ. ಪರಿಹಾರ ಸುಲಭ: 15 ಸೆಕೆಂಡ್ ತೆರೆ, 90 ಸೆಕೆಂಡ್ ಕಾಯಿ. 2 ಲೀಟರ್ ಹರಿವಿನಲ್ಲಿ 15 ಸೆಕೆಂಡ್ ಎಂದರೆ ಅರ್ಧ ಲೀಟರ್, ನಮ್ಮ ಕೋಣೆಗೆ 25 ಪಿಪಿಎಂ. ಈ ಲಯದಲ್ಲಿ ಗಂಟೆಗೆ 17 ಲೀಟರ್ ಸಿಗುತ್ತದೆ, ಗಿಡ ಮತ್ತು ಸೋರಿಕೆ ಎರಡೂ ಸೇರಿ ಬೇಡುವುದು 10 ಲೀಟರ್‌ಗಿಂತ ಕಡಿಮೆ. ಬೆಳಗ್ಗೆ ಮೇಲೇರಲು ಒಂದು ಗಂಟೆ ಹಿಡಿದರೆ ಹಿಡಿಯಲಿ.

ಗ್ಯಾಸ್ ದೀಪ ಉರಿಯುವಾಗ ಮಾತ್ರ. ದೀಪ ಹತ್ತಿದ ಅರ್ಧ ಗಂಟೆಗೆ ಶುರು, ಆರುವ ಒಂದು ಗಂಟೆ ಮುಂಚೆ ಬಂದ್. ಇದನ್ನು ಕಂಟ್ರೋಲರ್‌ನ ಗಡಿಯಾರಕ್ಕಷ್ಟೇ ಬಿಡಬೇಡಿ. ಕರೆಂಟ್ ಹೋದಾಗ ದೀಪ ಆರಿ, ಕಂಟ್ರೋಲರ್ ಮಾತ್ರ ಯುಪಿಎಸ್‌ನಲ್ಲಿ ನಡೆಯುತ್ತಿದ್ದರೆ ಕತ್ತಲಲ್ಲಿ ಗ್ಯಾಸ್ ಬಿಡುತ್ತಲೇ ಇರುತ್ತದೆ. ಸೊಲೆನಾಯ್ಡ್‌ನ ಅಡಾಪ್ಟರ್‌ಗೆ ದೀಪದ ಟೈಮರ್ ಲೈನಿನಿಂದಲೇ ಕರೆಂಟ್ ಕೊಡಿ: ದೀಪವಿಲ್ಲದಿದ್ದರೆ ವಾಲ್ವೂ ಇಲ್ಲ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಅದು ಓಡುವಾಗ ಗ್ಯಾಸ್ ನಿಲ್ಲುವಂತೆ ರಿಲೇ ಜೋಡಿಸಿ.

ಇಎಸ್‌ಪಿ32 ಹಾಕಿ ತಾವೇ ಕಂಟ್ರೋಲರ್ ಕಟ್ಟುವವರಿಗೆ ಎರಡು ಮಾತು. ಡಿಸಿ ಸೊಲೆನಾಯ್ಡ್‌ಗೆ ಅಡ್ಡಲಾಗಿ ಡಯೋಡ್ ಹಾಕದಿದ್ದರೆ ಕಾಯಿಲ್ ಆಫ್ ಆದಾಗಿನ ಒದೆತಕ್ಕೆ ಬೋರ್ಡ್ ರೀಸೆಟ್ ಆಗುತ್ತದೆ. 230 ವೋಲ್ಟ್ ಎಸಿ ಸೊಲೆನಾಯ್ಡ್ ಬಳಸುವುದಾದರೆ ಸಾಲಿಡ್ ಸ್ಟೇಟ್ ರಿಲೇ ಬೇಡ. ಆಫ್ ಇದ್ದಾಗಲೂ ಅದರಲ್ಲಿ ಸೋರುವ ಚೂರು ಕರೆಂಟು ಸಣ್ಣ ಕಾಯಿಲನ್ನು ಬಿಡದೆ ಹಿಡಿದಿಡಬಹುದು. ಟಕ್ ಎನ್ನುವ ಹಳೆಯ ರಿಲೇಯೇ ಇಲ್ಲಿ ನಂಬಿಕಸ್ಥ.

ಉಸಿರಿನ ವಿಚಾರ

ಹಳೆಯ ಕಾಲದಲ್ಲಿ ಧಾನ್ಯ ತುಂಬಿದ ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಧಾನ್ಯದ ಉಸಿರಾಟದಿಂದ ಅಲ್ಲಿ ಕೂಡಿಕೊಳ್ಳುತ್ತಿದ್ದುದೂ ಇದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ.

1000 ಪಿಪಿಎಂನಿಂದ ಮನುಷ್ಯನಿಗೆ ಅಪಾಯವಿಲ್ಲ, ಜನ ತುಂಬಿದ ಮುಚ್ಚಿದ ತರಗತಿಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಎಂಟು ಗಂಟೆ ಕೆಲಸದ ಮಿತಿ 5,000. ಹದಿನೈದು ನಿಮಿಷದ ಮಿತಿ 30,000. 40,000ಕ್ಕೆ ಜೀವಕ್ಕೆ ತಕ್ಷಣದ ಅಪಾಯ. ಈಗ ಸಿಲಿಂಡರ್ ಕೋಣೆಯೊಳಗೇ ಇದೆ ಎಂದುಕೊಳ್ಳಿ. 9 ಕೆ.ಜಿ. ಎಂದರೆ 5,600 ಲೀಟರ್ ಗ್ಯಾಸ್. ಬಿಲ್ಲೆ ಒಡೆದು ಅದಿಷ್ಟೂ 20,000 ಲೀಟರ್‌ನ ಕೋಣೆಗೆ ಬಂದರೆ ಗಾಳಿಯ ಶೇ 20ಕ್ಕೂ ಹೆಚ್ಚು ಸಿಒ2. ಬಾಗಿಲು ತೆರೆದು ಒಳಗೆ ಕಾಲಿಟ್ಟವರು ಕೆಲವೇ ಉಸಿರಿನಲ್ಲಿ ಕುಸಿಯುತ್ತಾರೆ. ಅರ್ಧ ಕೆ.ಜಿ. ಸೋರಿದರೂ 15,000 ದಾಟುತ್ತದೆ. ಸಿಲಿಂಡರ್ ಹೊರಗಿರಲಿ ಎಂದು ಪಟ್ಟು ಹಿಡಿಯುವುದು ಇದಕ್ಕೇ.

ಹೊರಗಿದ್ದು, ಹರಿವು 2 ಲೀಟರ್‌ಗೆ ಕಟ್ಟಿದ್ದಾಗ ಕೆಟ್ಟದ್ದೆಂದರೆ ಏನಾದೀತು? ಸೊಲೆನಾಯ್ಡ್ ತೆರೆದೇ ಸಿಕ್ಕಿಹಾಕಿಕೊಂಡರೆ ಗಂಟೆಗೆ 120 ಲೀಟರ್. ಎರಡು ಗಂಟೆಯ ನಮ್ಮ ಕೋಣೆಯಲ್ಲಿ ಅದು ಏರಿ ಏರಿ 17,000 ಪಿಪಿಎಂ ಹತ್ತಿರ ನಿಲ್ಲುತ್ತದೆ. ತಲೆನೋವು, ಏದುಸಿರು ಬರಬಹುದು, ಆದರೆ ಓಡಿ ಹೊರಬರಲು ಸಮಯವಿದೆ. ಅದನ್ನೇ ಬೇಗ ಏರಲಿ ಎಂದು 15 ಲೀಟರ್‌ಗೆ ತಿರುಗಿಸಿಟ್ಟವರಿಗೆ ಆ ಸಮಯ ಇರುವುದಿಲ್ಲ.

ಅಲಾರಂ ಕಂಟ್ರೋಲರ್‌ನ ಸೆನ್ಸರ್‌ನಿಂದ ಬೇರೆಯೇ ಆಗಿರಬೇಕು, ಏಕೆಂದರೆ ಕಂಟ್ರೋಲರ್ ತಪ್ಪಿದಾಗಲೇ ಅದು ಬೇಕಾಗುವುದು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕೂರಿಸಿ, 5,000ಕ್ಕೆ ಕೂಗುವಂತಿರಲಿ, ಅಂಕಿ ಬಾಗಿಲ ಹೊರಗಿನಿಂದಲೇ ಕಾಣಲಿ. ಕೂಗಿದರೆ ಒಳಗೆ ಹೋಗಿ ನೋಡಬೇಡಿ. ಹೊರಗೆ ಸಿಲಿಂಡರ್ ವಾಲ್ವ್ ಮುಚ್ಚಿ, ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಕಾಯಿರಿ. ಒಳಗೆ ಯಾರಾದರೂ ಬಿದ್ದಿದ್ದರೆ ಉಸಿರು ಬಿಗಿಹಿಡಿದು ನುಗ್ಗುವವರು ಎರಡನೆಯವರಾಗಿ ಬೀಳುತ್ತಾರೆ. ಬಾಗಿಲು ಕಿಟಕಿ ತೆರೆದು ಗಾಳಿ ಹೊಡೆಸಿ, 112ಕ್ಕೆ ಕರೆ ಮಾಡಿ. ಮಕ್ಕಳು, ಬೆಕ್ಕು ನಾಯಿಗಳು ನೆಲಕ್ಕೆ ಹತ್ತಿರ ಇರುವವು, ಆ ಕೋಣೆಗೆ ಅವುಗಳ ಪ್ರವೇಶ ಬೇಡ.

ಮೊದಲ ತಿಂಗಳು ಗಮನಿಸಬೇಕಾದ್ದು

ಗಿಡ ಬೇಗ ಬೆಳೆಯತೊಡಗಿದರೆ ಉಳಿದದ್ದೆಲ್ಲ ಕೊರತೆ ಬೀಳುತ್ತದೆ. ಲೆಟ್ಯೂಸ್‌ನಲ್ಲಿ ಮೊದಲು ಕಾಣುವುದು ಒಳಗಿನ ಎಳೆ ಎಲೆಯ ಅಂಚು ಕಂದಾಗಿ ಸುಟ್ಟಂತಾಗುವುದು. ಕ್ಯಾಲ್ಸಿಯಂ ನೀರಿನ ಜತೆ ಮೇಲೇರುತ್ತದೆ. ಸಿಒ2 ಹೆಚ್ಚಿದಾಗ ಎಲೆಯ ರಂಧ್ರಗಳು ಅರ್ಧ ಮುಚ್ಚಿಕೊಂಡು ನೀರಿನ ಹರಿವು ಇಳಿಯುತ್ತದೆ, ಬೆಳವಣಿಗೆ ಮಾತ್ರ ಓಡುತ್ತಿರುತ್ತದೆ. ಟ್ಯಾಂಕಿಗೆ ಕ್ಯಾಲ್ಸಿಯಂ ಸುರಿಯುವ ಮುಂಚೆ ಗಿಡದ ನೆತ್ತಿಯ ಮೇಲೆ ಸಣ್ಣಗೆ ಗಾಳಿ ಬೀಳುವಂತೆ ಫ್ಯಾನ್ ತಿರುಗಿಸಿ, ತೇವಾಂಶವನ್ನು ಶೇ 60–70ರೊಳಗೆ ತನ್ನಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಹಣ್ಣಿನ ಗಿಡಗಳ ಕೋಣೆಯಾದರೆ ಹಗಲಿನ ಉಷ್ಣಾಂಶವನ್ನು ಮಾಮೂಲಿಗಿಂತ 2–3 ಡಿಗ್ರಿ ಹೆಚ್ಚು ಇಡಬಹುದು, ಎಸಿ ಬಿಲ್ಲೂ ಇಳಿಯುತ್ತದೆ. ಲೆಟ್ಯೂಸ್‌ಗೆ ಮಾತ್ರ 24ರ ಮೇಲೆ ಹೋಗಬೇಡಿ, ದಂಟೆದ್ದು ಕಹಿಯಾಗುತ್ತದೆ.

ಅಂಕಿ ಏರುತ್ತಲೇ ಇಲ್ಲವೆಂದರೆ ಕ್ರಮವಾಗಿ ನೋಡಿ: ಸಿಲಿಂಡರ್ ತೂಕ, ವಾಲ್ವ್, ಸೊಲೆನಾಯ್ಡ್ ಟಿಕ್ ಎನ್ನುತ್ತದೆಯೇ, ಫ್ಲೋ ಮೀಟರ್‌ನ ಗುಂಡು ಏಳುತ್ತದೆಯೇ, ಟ್ಯೂಬ್ ಎಲ್ಲಾದರೂ ಮಡಚಿದೆಯೇ, ಕಡೆಗೆ ಬಾಗಿಲು. ರಾತ್ರಿ ನೂರಿನ್ನೂರು ಪಿಪಿಎಂ ಏರಿದರೆ ಗಾಬರಿ ಬೇಡ, ಗಿಡ ಮತ್ತು ಬೇರುಗಳ ಉಸಿರು ಅದು. ಗಿಡಗಳಿಲ್ಲದ ಕೋಣೆಯಲ್ಲೂ ಏರುತ್ತಿದ್ದರೆ ಸೊಲೆನಾಯ್ಡ್‌ನ ಸೀಟಿನಲ್ಲಿ ಕಸ ಕೂತಿದೆ. ಸಿಲಿಂಡರ್ ವಾಲ್ವ್ ಮುಚ್ಚಿ ಒತ್ತಡ ಇಳಿಸಿ, ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ ಕೂರಿಸಿ. ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿದರೆ ಹರಿವು ಅತಿಯಾಗಿದೆ ಅಥವಾ ಸಿಲಿಂಡರ್ ವಾಲಿದೆ.

ಎರಡು ರ‍್ಯಾಕ್‌ಗಳಲ್ಲಿ ಒಂದರ ಬೆಳೆ ಮಾತ್ರ ಮುಂದಿದ್ದರೆ ಕೈಯಲ್ಲಿ ಹಿಡಿಯುವ ಮೀಟರನ್ನು ಉದ್ದನೆಯ ಕೋಲಿನ ತುದಿಗೆ ಕಟ್ಟಿ, ಮೂಲೆ ಮೂಲೆಯಲ್ಲಿ ಐದೈದು ನಿಮಿಷ ಹಿಡಿದು ನೋಡಿ. ನಿಮ್ಮ ಉಸಿರು ತಾಗಿದರೆ ಲೆಕ್ಕ ತಪ್ಪುತ್ತದೆ, ಅದಕ್ಕೇ ಕೋಲು. ಮೂಲೆಗಳ ನಡುವೆ 100 ಪಿಪಿಎಂಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸಿಒ2 ಹೆಚ್ಚಿಸಬೇಡಿ, ಫ್ಯಾನಿನ ಮುಖ ತಿರುಗಿಸಿ.